ಒಂದು ಆಲ್ಟರ್ನೇಟಿವ್ ಮೆಟಲ್ ಆಲ್ಬಮ್‌ನ ಕಥೆಯನ್ನು ಬರೆಯುವುದು ಹೇಗೆ

ಆಲ್ಬಮ್ ಒಂದರ ಕುರಿತು ಬರೆಯಲು ಕುಳಿತವರ ಮುಂದೆ ಎರಡು ಕಥೆಗಳಿರುತ್ತವೆ. ಸ್ಟುಡಿಯೋದ ಒಳಗೆ ಹಾಡುಗಳು ರೂಪುಗೊಂಡ ಬಗೆ ಒಂದು. ಅವು ಹೊರಬಿದ್ದ ಮೇಲೆ ಕೇಳುಗರು, ವಿಮರ್ಶಕರು, ರೇಡಿಯೋ ಕೇಂದ್ರಗಳು ಅವನ್ನು ಬರಮಾಡಿಕೊಂಡ ಬಗೆ ಇನ್ನೊಂದು. ಬಹುತೇಕ ಬರಹಗಳು ಹಾದಿ ತಪ್ಪುವುದು ಈ ಎರಡನ್ನೂ ಕಲಸಿಬಿಡುವುದರಿಂದ. ಆಲ್ಬಮ್‌ಗೆ ಆಮೇಲೆ ಬಂದ ಕೀರ್ತಿಯನ್ನು ಹಿಂದಕ್ಕೆ ಹೊತ್ತೊಯ್ದು ಅದರ ತಯಾರಿಕೆಯ ದಿನಗಳ ಮೇಲೆ ಸುರಿಯುತ್ತಾರೆ; ಆಗ ಸ್ಟುಡಿಯೋದಲ್ಲಿದ್ದ ಪ್ರತಿಯೊಬ್ಬರೂ ತಾವೊಂದು ಮೇರುಕೃತಿಯನ್ನು ರಚಿಸುತ್ತಿದ್ದೇವೆಂದು ಮೊದಲೇ ಬಲ್ಲವರಂತೆ ಕಾಣತೊಡಗುತ್ತಾರೆ. ಯಾವುದು ಯಾವಾಗ ನಡೆಯಿತು, ಯಾವುದನ್ನು ಯಾರು ಯಾವಾಗ ಹೇಳಿದರು ಎಂಬ ಕಾಲಕ್ರಮವನ್ನು ಬಿಡದೆ ಹಿಡಿದುಕೊಂಡು ಬರೆಯುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮುಖ್ಯ ಉದಾಹರಣೆಯಾಗಿ ಲಾಸ್ ಏಂಜಲೀಸ್‌ನ ಅರ್ಮೇನಿಯನ್ ಮೂಲದ ನಾಲ್ವರ ತಂಡವಾದ ಸಿಸ್ಟಮ್ ಆಫ್ ಎ ಡೌನ್ 2001ರ ಸೆಪ್ಟೆಂಬರ್ 4ರಂದು ಹೊರತಂದ 'ಟಾಕ್ಸಿಸಿಟಿ'ಯನ್ನು ಆರಿಸಿಕೊಂಡಿದ್ದೇನೆ. ತಯಾರಿಕೆ ಮತ್ತು ಸ್ವಾಗತ ಎರಡೂ ಇಷ್ಟು ಹತ್ತಿರದಲ್ಲಿ, ಇಷ್ಟು ತೀವ್ರವಾಗಿ ಎದುರುಬದುರಾದ ಆಲ್ಬಮ್‌ಗಳು ಆಲ್ಟರ್ನೇಟಿವ್ ಮೆಟಲ್‌ನಲ್ಲಿ, ಅಂದರೆ ಭಾರವಾದ ಗಿಟಾರ್‌ನ ಮೆಟಲ್ ಸಂಗೀತಕ್ಕೆ ಬೇರೆ ಶೈಲಿಗಳನ್ನು ಬೆರೆಸುವ ಈ ಪ್ರಕಾರದಲ್ಲಿ, ಕಡಿಮೆ.

ಓದುವ ಮುನ್ನ ಕೇಳಿ

ಆಲ್ಬಮ್ ಕುರಿತು ಯಾರು ಏನು ಬರೆದಿದ್ದಾರೆಂದು ಹುಡುಕುವ ಮುನ್ನ ಅದನ್ನು ಆರಂಭದಿಂದ ಕೊನೆಯವರೆಗೆ, ಹಾಡುಗಳ ಕ್ರಮವನ್ನು ಬದಲಿಸದೆ, ಕನಿಷ್ಠ ಮೂರು ಸಲ ಕೇಳಬೇಕು. ಮೊದಲ ಸಲ ಸುಮ್ಮನೆ ಕೇಳಿ. ಎರಡನೆಯ ಸಲ ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲಿ ಕಾಗದ ಹಿಡಿದು, ನಿಮ್ಮ ಕಿವಿಯನ್ನು ತಡೆದು ನಿಲ್ಲಿಸಿದ ಪ್ರತಿಯೊಂದು ಜಾಗದ ನಿಮಿಷ ಮತ್ತು ಸೆಕೆಂಡನ್ನು ಬರೆದುಕೊಳ್ಳಿ. ಮೂರನೆಯ ಸಲ ಒಂದೇ ವಾದ್ಯವನ್ನು ಹಿಂಬಾಲಿಸಿ. ನನ್ನ ಅನುಭವದಲ್ಲಿ ಬೇಸ್ ಗಿಟಾರನ್ನು ಹಿಂಬಾಲಿಸುವುದರಿಂದ ಹೆಚ್ಚು ತಿಳಿಯುತ್ತದೆ. ಈ ಪ್ರಕಾರದಲ್ಲಿ ಗಿಟಾರ್‌ನ ಗದ್ದಲದ ಅಡಿಯಲ್ಲಿ ಹಾಡಿನ ನಿಜವಾದ ಚಲನೆಯನ್ನು ನಡೆಸುತ್ತಿರುವುದು ಬಹಳ ಸಲ ಬೇಸ್ ಮತ್ತು ಡ್ರಮ್‌ಗಳೇ.

ಟಾಕ್ಸಿಸಿಟಿಯ 'ಚಾಪ್ ಸೂಯಿ' ಹಾಡನ್ನೇ ನೋಡಿ. ಹಾಡು ಆರಂಭವಾಗುವ ಮುನ್ನ, ಅಕೂಸ್ಟಿಕ್ ಗಿಟಾರ್‌ನ ಮೊದಲ ಮೀಟಿಗಿಂತ ಒಂದು ಕ್ಷಣ ಮೊದಲು, ಧ್ವನಿಮುದ್ರಣ ಶುರುವಾಗಿದೆ ಎಂದು ಸೂಚಿಸುವ ಒಂದು ಮಾತು ಬಹಳ ಕ್ಷೀಣವಾಗಿ ಕೇಳಿಸುತ್ತದೆ. ಆ ಮಾತಿನಲ್ಲಿ ಹಾಡಿಗೆ ಇರುವ ಹೆಸರು ಚಾಪ್ ಸೂಯಿ ಅಲ್ಲ. ಆತ್ಮಹತ್ಯೆ ಎಂಬ ಅರ್ಥದ 'ಸೂಯಿಸೈಡ್'. ಸ್ಟುಡಿಯೋದಲ್ಲಿ ಹಾಡಿಗಿದ್ದ ಹೆಸರು ಅದಾಗಿತ್ತು, ಬಿಡುಗಡೆಯ ಹೊತ್ತಿಗೆ ಬದಲಾಯಿತು. ಹೆಸರು ಬದಲಾದದ್ದನ್ನು ಹತ್ತು ಲೇಖನಗಳಲ್ಲಿ ಓದಬಹುದು, ಆದರೆ ಅದರ ಸಾಕ್ಷಿ ಹಾಡಿನೊಳಗೇ ಉಳಿದುಕೊಂಡಿರುವುದನ್ನು ಕಿವಿಯಿಂದ ಹಿಡಿದವರ ವಾಕ್ಯಕ್ಕೆ ಬೇರೆಯೇ ತೂಕವಿರುತ್ತದೆ. ಆಮೇಲೆ ಒಂಟಿ ಅಕೂಸ್ಟಿಕ್ ಗಿಟಾರ್, ಅದರ ಕೆಳಗೆ ನಿಧಾನವಾಗಿ ಸೇರಿಕೊಳ್ಳುವ ಡ್ರಮ್ಸ್, ನಂತರ ಇಡೀ ತಂಡ ಒಮ್ಮೆಲೇ ಎರಗಿ ಒಮ್ಮೆಲೇ ನಿಲ್ಲುವ ಆಟ. ಉಸಿರಿಗೂ ಎಡೆಯಿಲ್ಲದಷ್ಟು ವೇಗದ ಚರಣ. ಅದು ತಟ್ಟನೆ ಬಿಚ್ಚಿಕೊಂಡು ಅಗಲವಾದ, ಪ್ರಾರ್ಥನೆಯಂಥ ಪಲ್ಲವಿಯಾಗುವುದು. ಇದನ್ನು ಬರೆಯುವಾಗ 'ಅದ್ಭುತ', 'ಅಬ್ಬರ' ಎಂಬ ಪದಗಳನ್ನು ಬಿಟ್ಟು, ಯಾವ ವಾದ್ಯ ಎಲ್ಲಿ ಬಂತು, ಎಲ್ಲಿ ಸುಮ್ಮನಾಯಿತು ಎಂಬುದನ್ನಷ್ಟೇ ಬರೆದರೂ ಓದುಗನಿಗೆ ಹಾಡು ಕೇಳಿಸತೊಡಗುತ್ತದೆ.

ನಿಮ್ಮ ಕೈಯಲ್ಲಿರುವುದು ಯಾವ ಆವೃತ್ತಿ?

ಈ ಪ್ರಶ್ನೆಯನ್ನು ನಾನು ಪೆಟ್ಟು ತಿಂದು ಕಲಿತೆ. ಡೆಫ್ಟೋನ್ಸ್ ತಂಡದ 'ವೈಟ್ ಪೋನಿ' ಕುರಿತು ಬರೆಯುವಾಗ, ಆಲ್ಬಮ್ ಎಷ್ಟು ನೇರವಾದ, ರ‍್ಯಾಪ್ ಬೆರೆತ ಹಾಡಿನಿಂದ ಬಾಗಿಲು ತೆರೆಯುತ್ತದೆ, ಆಮೇಲೆ ಹೇಗೆ ಮಂದವಾಗುತ್ತ ಹೋಗುತ್ತದೆ ಎಂದು ಒಂದು ಪುಟದಷ್ಟು ವಿಶ್ಲೇಷಣೆ ಮಾಡಿದ್ದೆ. ಆದರೆ 2000ದ ಜೂನ್ 20ರಂದು ಹೊರಬಂದ ಮೂಲ ಆಲ್ಬಮ್ ಶುರುವಾಗುವುದು 'ಫೆಯ್ಟಿಸೇರಾ' ಹಾಡಿನಿಂದ. ನಾನು ಕೇಳಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಮರುಬಿಡುಗಡೆಯಾದ ಪ್ರತಿ. ರೇಡಿಯೋಗೆ ಹೊಂದುವ ಹಾಡು ಬೇಕೆಂಬ ರೆಕಾರ್ಡ್ ಕಂಪನಿಯ ಒತ್ತಾಯದ ಫಲವಾಗಿ, ಆಲ್ಬಮ್‌ನ ಕೊನೆಯ ಹಾಡಿನ ಎಳೆಯೊಂದನ್ನೇ ಹಿಡಿದು ಹೊಸದಾಗಿ ಮಾಡಿದ 'ಬ್ಯಾಕ್ ಟು ಸ್ಕೂಲ್' ಅದರಲ್ಲಿ ಮೊದಲಿಗೆ ಕುಳಿತಿತ್ತು. ಅಂದರೆ, ತಯಾರಿಕೆಯ ಭಾಗವೆಂದು ನಾನು ವರ್ಣಿಸಿದ್ದು ವಾಸ್ತವದಲ್ಲಿ ಸ್ವಾಗತದ ಭಾಗವಾಗಿತ್ತು. ಜೂನ್ ತಿಂಗಳ ವಿಮರ್ಶಕರು ಆ ಹಾಡನ್ನು ಕೇಳಿಯೇ ಇರಲಿಲ್ಲ. ಆ ಪುಟವನ್ನು ಪೂರ್ತಿಯಾಗಿ ಹೊಡೆದುಹಾಕಬೇಕಾಯಿತು.

ಆದ್ದರಿಂದ ಮೊದಲ ದಿನ ಮಾರಾಟಕ್ಕೆ ಬಂದ ಪ್ರತಿಯ ಹಾಡುಗಳ ಪಟ್ಟಿ, ಒಟ್ಟು ಅವಧಿ, ಮುಖಪುಟ ಇವನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಿ. ಮರುಬಿಡುಗಡೆ, ರೀಮಾಸ್ಟರ್, ವಾರ್ಷಿಕೋತ್ಸವದ ಆವೃತ್ತಿ, ದೇಶಕ್ಕೊಂದರಂತೆ ಸೇರಿಸಿದ ಹೆಚ್ಚುವರಿ ಹಾಡು ಇವೆಲ್ಲವನ್ನೂ ಬಂದ ದಿನಾಂಕದ ಜೊತೆಗೆ ಕೆಳಗೆ ಸಾಲಾಗಿ ಬರೆಯಿರಿ. ಸ್ಟ್ರೀಮಿಂಗ್ ಸೇವೆಗಳಲ್ಲಿ ಆಲ್ಬಮ್‌ನ ಹೆಸರಿನ ಪಕ್ಕದಲ್ಲಿರುವ ವರ್ಷವನ್ನು ನಂಬಿ ನಿಲ್ಲಬೇಡಿ. ಹಳೆಯ ವರ್ಷದ ಹೆಸರಿನಲ್ಲಿ ಹೊಸ ಮಾಸ್ಟರಿಂಗ್ ಕೇಳಿಸುತ್ತಿರಬಹುದು.

ತಯಾರಿಕೆಯನ್ನು ವಿಚಾರಿಸುವ ಬಗೆ

ಸಿಡಿ ಅಥವಾ ಎಲ್‌ಪಿಯ ಒಳಪುಟದಲ್ಲಿರುವ ಶ್ರೇಯಪಟ್ಟಿಯಿಂದ ಶುರುಮಾಡಿ. ಅಲ್ಲಿರುವ ಪ್ರತಿಯೊಂದು ಹುದ್ದೆಯೂ ಬೇರೆ ಬೇರೆ ಕೆಲಸ. ನಿರ್ಮಾಪಕ ಹಾಡುಗಳ ಆಯ್ಕೆ, ರಚನೆ, ಪ್ರದರ್ಶನದ ಗುಣಮಟ್ಟ ಇವನ್ನು ನೋಡಿಕೊಳ್ಳುತ್ತಾನೆ. ಧ್ವನಿ ಇಂಜಿನಿಯರ್ ಮೈಕ್ರೊಫೋನ್ ಎಲ್ಲಿಡಬೇಕು, ಶಬ್ದ ಹೇಗೆ ದಾಖಲಾಗಬೇಕು ಎಂಬುದನ್ನು ನಿರ್ಧರಿಸುತ್ತಾನೆ. ಮಿಕ್ಸಿಂಗ್ ಮಾಡುವವನು ಹತ್ತಾರು ಪದರಗಳನ್ನು ಹೊಂದಿಸಿ ಒಂದು ಹಾಡಾಗಿಸುತ್ತಾನೆ. ಮಾಸ್ಟರಿಂಗ್ ಮಾಡುವವನು ಇಡೀ ಆಲ್ಬಮ್‌ಗೆ ಒಂದೇ ಹದ ತಂದು ಪ್ರತಿ ತೆಗೆಯಲು ಸಿದ್ಧಗೊಳಿಸುತ್ತಾನೆ. ಎಲ್ಲವನ್ನೂ 'ನಿರ್ಮಾಪಕರ ಕೈಚಳಕ' ಎಂಬ ಒಂದೇ ಮಾತಿಗೆ ಇಳಿಸಿಬಿಟ್ಟರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಟಾಕ್ಸಿಸಿಟಿಯ ಮುಖ್ಯ ನಿರ್ಮಾಪಕ ರಿಕ್ ರೂಬಿನ್. ತಂಡದ 1998ರ ಮೊದಲ ಆಲ್ಬಮ್ ಕೂಡ ಅವರದೇ ನಿರ್ಮಾಣ. ಆದರೆ ಗಿಟಾರ್ ವಾದಕ ಡಾರೊನ್ ಮಲಾಕಿಯಾನ್ ಮತ್ತು ಗಾಯಕ ಸರ್ಜ್ ತಾಂಕಿಯಾನ್ ಅವರ ಹೆಸರುಗಳೂ ನಿರ್ಮಾಣದಲ್ಲಿವೆ. ಮಿಕ್ಸಿಂಗ್ ಆಂಡಿ ವಾಲೇಸ್ ಅವರದು. ಇದೇ ವಾಲೇಸ್ 1991ರಲ್ಲಿ ನಿರ್ವಾಣ ತಂಡದ 'ನೆವರ್‌ಮೈಂಡ್' ಅನ್ನೂ, 1992ರಲ್ಲಿ ರೇಜ್ ಅಗೆನ್ಸ್ಟ್ ದ ಮಷೀನ್ ತಂಡದ ಮೊದಲ ಆಲ್ಬಮ್ಮನ್ನೂ ಮಿಕ್ಸ್ ಮಾಡಿದವರೆಂದು ತಿಳಿದ ಮೇಲೆ, ಮೂರನ್ನೂ ಒಂದರ ಹಿಂದೊಂದು ಕೇಳಿ. ಗಿಟಾರ್ ಎಷ್ಟೇ ದಪ್ಪವಾಗಿದ್ದರೂ ಸ್ನೇರ್ ಡ್ರಮ್‌ನ ಪೆಟ್ಟು ಮತ್ತು ಗಾಯಕನ ಮಾತು ಮುಚ್ಚಿಹೋಗದಿರುವುದು ಮೂರರಲ್ಲೂ ಕೇಳಿಸುತ್ತದೆ. ಹೆಸರನ್ನು ಹೀಗೆ ಶಬ್ದದವರೆಗೆ ಕೊಂಡೊಯ್ಯಲು ಆಗದಿದ್ದರೆ ಅದು ಬರಹದಲ್ಲಿ ಬರಿಯ ಪಟ್ಟಿಯಾಗಿ ಉಳಿಯುತ್ತದೆ.

ಮುಂದೆ ಶ್ರುತಿಯನ್ನು ಗಮನಿಸಿ. ಆಲ್ಟರ್ನೇಟಿವ್ ಮೆಟಲ್‌ನ ಶಬ್ದದ ಅರ್ಧ ಗುಟ್ಟು ತಂತಿಗಳನ್ನು ಎಷ್ಟು ಸಡಿಲಿಸಿದ್ದಾರೆ ಎಂಬುದರಲ್ಲಿದೆ. ಗಿಟಾರ್‌ನ ದಪ್ಪ ತಂತಿಯ ಸಾಮಾನ್ಯ ಶ್ರುತಿ ಇ, ಅಂದರೆ ಸೆಕೆಂಡಿಗೆ ಸುಮಾರು 82 ಕಂಪನ. ಅದೊಂದನ್ನು ಮಾತ್ರ ಡಿ ಸ್ವರಕ್ಕೆ, ಸುಮಾರು 73ಕ್ಕೆ ಇಳಿಸಿದರೆ ಡ್ರಾಪ್ ಡಿ. ಆಗ ದಪ್ಪನೆಯ ಮೂರು ತಂತಿಗಳನ್ನು ಒಂದೇ ಬೆರಳಿನಿಂದ ಒತ್ತಿ ಪವರ್ ಕಾರ್ಡ್ (ಎರಡೇ ಸ್ವರಗಳನ್ನು ಒಟ್ಟಿಗೆ ನುಡಿಸುವ ಗಟ್ಟಿ ಸ್ವರಮೇಳ) ನುಡಿಸಬಹುದಾದ್ದರಿಂದ ಕೈ ಬಹಳ ವೇಗವಾಗಿ ಸರಿದಾಡಬಲ್ಲುದು. ಹೆಲ್ಮೆಟ್ ತಂಡದ 1992ರ 'ಮೀನ್‌ಟೈಮ್' ಆಲ್ಬಮ್‌ನ ತುಂಡು ತುಂಡಾದ ರಿಫ್‌ಗಳ (ಮತ್ತೆ ಮತ್ತೆ ಬರುವ ಗಿಟಾರ್‌ನ ಕಿರು ಸ್ವರಗುಚ್ಛಗಳ) ಹಿಂದೆ ಇರುವುದು ಈ ಅನುಕೂಲವೇ. ಸಿಸ್ಟಮ್ ಆಫ್ ಎ ಡೌನ್ ಇನ್ನೂ ಒಂದು ಸ್ವರ ಕೆಳಗೆ, ಡ್ರಾಪ್ ಸಿ ಶ್ರುತಿಯಲ್ಲಿ, ಸುಮಾರು 65 ಕಂಪನದಲ್ಲಿ ನುಡಿಸುತ್ತದೆ. ಕೋರ್ನ್ ತಂಡ 1994ರ ತನ್ನ ಮೊದಲ ಆಲ್ಬಮ್‌ನಲ್ಲಿ ಏಳು ತಂತಿಯ ಗಿಟಾರನ್ನು ಎ ಸ್ವರದವರೆಗೆ, 55 ಕಂಪನಕ್ಕೆ ಇಳಿಸಿತ್ತು. ಇಷ್ಟು ಇಳಿದಾಗ ಗಿಟಾರ್ ಬೇಸ್‌ನ ಜಾಗಕ್ಕೆ ನುಗ್ಗುತ್ತದೆ, ಬೇಸ್ ಬೇರೆ ಜಾಗ ಹುಡುಕಿಕೊಳ್ಳಬೇಕಾಗುತ್ತದೆ. ಕೋರ್ನ್‌ನ ಬೇಸ್ ಲೋಹದ ಚಟಚಟ ಸದ್ದಾಗಿ ಕೇಳಿಸುವುದು ಅದಕ್ಕೇ. ಶ್ರುತಿ ಗುರುತಿಸಲು ಸಂಗೀತಶಾಸ್ತ್ರದ ಪದವಿ ಬೇಕಿಲ್ಲ. ಫೋನಿನಲ್ಲಿ ಒಂದು ಟ್ಯೂನರ್ ಇದ್ದರೆ, ಗಿಟಾರ್ ಒಂಟಿಯಾಗಿ ಕೇಳಿಸುವ ಜಾಗದಲ್ಲಿ ಅತಿ ಕೆಳಗಿನ ಸ್ವರವನ್ನು ಹಿಡಿಯಬಹುದು.

ಆಯ್ಕೆಯಾಗದೆ ಉಳಿದ ಹಾಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಟಾಕ್ಸಿಸಿಟಿಗಾಗಿ 30ಕ್ಕೂ ಹೆಚ್ಚು ಹಾಡುಗಳು ಸಿದ್ಧವಾಗಿದ್ದವು, ಆಲ್ಬಮ್‌ಗೆ ಬಂದದ್ದು 14. ಉಳಿದವುಗಳಲ್ಲಿ ಕೆಲವು ಅಪೂರ್ಣ ಸ್ಥಿತಿಯಲ್ಲಿಯೇ ಅಂತರ್ಜಾಲದಲ್ಲಿ ಸೋರಿಹೋದವು. ತಂಡ ಅವನ್ನು ಪೂರ್ಣಗೊಳಿಸಿ 2002ರ ನವೆಂಬರ್‌ನಲ್ಲಿ 'ಸ್ಟೀಲ್ ದಿಸ್ ಆಲ್ಬಮ್' ಎಂಬ ಹೆಸರಿನಲ್ಲಿ, ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಖಾಲಿ ಸಿಡಿಯಂತೆ ಕಾಣುವ ರೂಪದಲ್ಲಿ ಹೊರತಂದಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ಆಯ್ಕೆಯ ತರ್ಕ ತಾನಾಗಿ ಹೊಳೆಯುತ್ತದೆ. ಟಾಕ್ಸಿಸಿಟಿಯ ಹಾಡುಗಳಲ್ಲಿ ವೇಗ ಎಷ್ಟಿದ್ದರೂ ಹಿಂತಿರುಗಿ ಬಂದು ನಿಲ್ಲಲು ಒಂದು ರಾಗದ ನೆಲೆಯಿದೆ ಎಂದು ನನಗನಿಸುತ್ತದೆ. ಎರಡನೆಯ ಸಂಕಲನದಲ್ಲಿ ಆ ನೆಲೆ ಅಷ್ಟು ಗಟ್ಟಿಯಾಗಿಲ್ಲ.

ಸಂದರ್ಶನಗಳನ್ನು ದಿನಾಂಕದೊಂದಿಗೆ ಓದಿ

ತಯಾರಿಕೆಯ ವಿವರಗಳು ಹೆಚ್ಚಾಗಿ ಸಿಗುವುದು ಸಂದರ್ಶನಗಳಲ್ಲಿ. ಇವುಗಳಲ್ಲಿ ಮೂರು ಕಾಲದವುಗಳಿರುತ್ತವೆ. ಬಿಡುಗಡೆಗೆ ಮುನ್ನ ಕೊಟ್ಟವು ಪ್ರಚಾರದ ಭಾಗ; ಅಲ್ಲಿ ಎಲ್ಲರೂ ಸಂತೋಷವಾಗಿರುತ್ತಾರೆ. ಬಿಡುಗಡೆಯಾಗಿ ಒಂದೆರಡು ವರ್ಷದೊಳಗೆ, ಪ್ರವಾಸದ ದಣಿವಿನಲ್ಲಿ ಕೊಟ್ಟವು ಸಾಮಾನ್ಯವಾಗಿ ಹೆಚ್ಚು ನೇರ. ಹತ್ತು ಇಪ್ಪತ್ತು ವರ್ಷಗಳ ಬಳಿಕ ಕೊಟ್ಟವುಗಳಲ್ಲಿ ವಿವರ ಹೇರಳವಾಗಿರುತ್ತದೆ, ಆದರೆ ಅಷ್ಟರಲ್ಲಿ ನೆನಪು ಕಥೆಯ ಆಕಾರ ಪಡೆದಿರುತ್ತದೆ. ಚಾಪ್ ಸೂಯಿಯ ಮಧ್ಯಭಾಗಕ್ಕೆ ಸಾಲು ಹೊಳೆಯದೆ ತಾಂಕಿಯಾನ್ ಸಿಕ್ಕಿಹಾಕಿಕೊಂಡಾಗ, ರೂಬಿನ್ ತಮ್ಮ ಮನೆಯ ಗ್ರಂಥಾಲಯದಿಂದ ಯಾವುದಾದರೊಂದು ಪುಸ್ತಕ ತೆಗೆದು ಕಣ್ಣಿಗೆ ಬಿದ್ದ ಸಾಲನ್ನು ಬಳಸುವಂತೆ ಹೇಳಿದರೆಂಬ ಸಂಗತಿ ಪ್ರಸಿದ್ಧವಾಗಿದೆ. ಅದನ್ನು ರೂಬಿನ್ ಅವರೇ ಹೇಳಿದ್ದಾರೆ. ಇದನ್ನು ಬಳಸಬಾರದೆಂದಲ್ಲ. 'ರೂಬಿನ್ ನಂತರ ನೆನಪಿಸಿಕೊಂಡಂತೆ' ಎಂದು ಸೇರಿಸಿದರೆ ಸಾಕು, ವಾಕ್ಯ ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತದೆ.

ಟೂಲ್ ತಂಡದ 2001ರ 'ಲ್ಯಾಟರಾಲಸ್' ಈ ವಿಷಯದಲ್ಲಿ ಒಳ್ಳೆಯ ಪಾಠ. ಶೀರ್ಷಿಕೆ ಗೀತೆಯ ಮಾತುಗಳ ಅಕ್ಷರಗಣನೆ 1, 1, 2, 3, 5, 8 ಎಂಬ, ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುವ ಫಿಬೊನಾಚಿ ಸರಣಿಯಲ್ಲಿ ಏರಿ ಇಳಿಯುತ್ತದೆ. ಇದನ್ನು ಯಾರಾದರೂ ಎಣಿಸಿ ನೋಡಬಹುದು. ಪಲ್ಲವಿಯ ತಾಳ 9, 8, 7 ಎಂದು ಬದಲಾಗುವುದೂ ಕೇಳಿಸುತ್ತದೆ, 987 ಆ ಸರಣಿಯ ಒಂದು ಸಂಖ್ಯೆ ಎಂಬುದೂ ನಿಜ. ಆದರೆ ಇಲ್ಲಿಂದ ಹೊರಟು ಇಡೀ ಆಲ್ಬಮ್‌ನ ಹಾಡುಗಳ ಕ್ರಮದಲ್ಲಿಯೇ ಗುಪ್ತ ಸುರುಳಿಯೊಂದಿದೆ ಎಂದು ಸಾಧಿಸುವುದು ಕೇಳುಗರ ಸೃಷ್ಟಿ. ಅದಕ್ಕೂ ನಿಮ್ಮ ಬರಹದಲ್ಲಿ ಗೌರವದ ಸ್ಥಾನವಿರಲಿ, ಆದರೆ ಸ್ವಾಗತದ ಅಧ್ಯಾಯದಲ್ಲಿ.

ಸ್ವಾಗತವನ್ನು ಅಳೆಯುವುದು

ಮೊದಲ ವಾರದ ಮಾರಾಟ, ಪಟ್ಟಿಯಲ್ಲಿನ ಸ್ಥಾನ, ಪ್ರಶಸ್ತಿ, ವಿಮರ್ಶೆ ಈ ನಾಲ್ಕೂ ಬೇರೆ ಬೇರೆ ಸಂಗತಿಗಳನ್ನು ಹೇಳುತ್ತವೆ. ಅಂಕಿಗಳನ್ನು ಬಳಸುವ ಮುನ್ನ ಅವನ್ನು ಎಣಿಸಿದ ವಿಧಾನ ತಿಳಿದಿರಬೇಕು. ಅಮೆರಿಕದಲ್ಲಿ ವಾರವಾರವೂ ಆಲ್ಬಮ್‌ಗಳ ಸ್ಥಾನ ಹೇಳುವ ಬಿಲ್‌ಬೋರ್ಡ್ ಪಟ್ಟಿ 1991ರ ಮೇ ತಿಂಗಳವರೆಗೆ ಅಂಗಡಿಯವರು ಹೇಳಿದ ಮಾತಿನ ಮೇಲೆ ನಿಂತಿತ್ತು; ಆಮೇಲೆ ಬಾರ್‌ಕೋಡ್ ಮೂಲಕ ನಿಜವಾದ ಮಾರಾಟ ಎಣಿಕೆಯಾಗತೊಡಗಿತು. 2014ರ ಡಿಸೆಂಬರ್‌ನಿಂದ ಸ್ಟ್ರೀಮಿಂಗ್ ಕೂಡ ಸೇರಿತು. ಹಾಗಾಗಿ ವೈಟ್ ಪೋನಿ 2000ದಲ್ಲಿ 1,78,000 ಪ್ರತಿಗಳೊಂದಿಗೆ ಮೂರನೆಯ ಸ್ಥಾನದಲ್ಲಿ ಪಟ್ಟಿ ಪ್ರವೇಶಿಸಿದ್ದನ್ನೂ, ಟೂಲ್‌ನ 'ಫಿಯರ್ ಇನಾಕ್ಯುಲಮ್' 2019ರಲ್ಲಿ 2,70,000 ಯೂನಿಟ್‌ಗಳೊಂದಿಗೆ (ಮಾರಾಟ, ಸ್ಟ್ರೀಮಿಂಗ್ ಎರಡನ್ನೂ ಕೂಡಿಸಿದ ಲೆಕ್ಕ) ಮೊದಲ ಸ್ಥಾನಕ್ಕೆ ಬಂದದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಗೋಲ್ಡ್, ಪ್ಲಾಟಿನಮ್ ಪ್ರಮಾಣಪತ್ರಗಳೂ ಹಾಗೆಯೇ. ಅಮೆರಿಕದಲ್ಲಿ ಆಲ್ಬಮ್‌ಗೆ ಪ್ಲಾಟಿನಮ್ ಎಂದರೆ 10 ಲಕ್ಷ ಪ್ರತಿ, ಬ್ರಿಟನ್ನಿನಲ್ಲಿ 3 ಲಕ್ಷ.

ಈಗ ಟಾಕ್ಸಿಸಿಟಿಗೆ ಬನ್ನಿ, ಏಕೆಂದರೆ ದಿನಾಂಕಗಳ ಬೆಲೆ ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಬಿಡುಗಡೆಯ ಹಿಂದಿನ ದಿನ, ಸೆಪ್ಟೆಂಬರ್ 3ರಂದು, ಹಾಲಿವುಡ್‌ನಲ್ಲಿ ತಂಡ ಉಚಿತ ಕಾರ್ಯಕ್ರಮ ಇಟ್ಟುಕೊಂಡಿತ್ತು. ನಿರೀಕ್ಷೆಗಿಂತ ಬಹಳ ಹೆಚ್ಚು ಜನ ಸೇರಿದ್ದರಿಂದ ಪೊಲೀಸರು ಅದನ್ನು ರದ್ದುಪಡಿಸಿದರು, ಗಲಭೆಯಾಯಿತು. ಮಾರನೆಯ ದಿನ ಆಲ್ಬಮ್ ಅಂಗಡಿಗೆ ಬಂತು. ಒಂದು ವಾರದ ಬಳಿಕ, 11ರಂದು, ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಮೇಲೆ ದಾಳಿ ನಡೆಯಿತು. ಅದೇ ವಾರ ಟಾಕ್ಸಿಸಿಟಿ 2,20,000 ಪ್ರತಿಗಳ ಮಾರಾಟದೊಂದಿಗೆ ಪಟ್ಟಿಯ ಮೊದಲ ಸ್ಥಾನದಲ್ಲಿದೆ ಎಂಬ ಸುದ್ದಿ ಬಂತು. ದಾಳಿಯ ನಂತರದ ಆತಂಕವೇ ಈ ಆಲ್ಬಮ್ಮನ್ನು ಮೇಲಕ್ಕೇರಿಸಿತು ಎಂಬ ಧಾಟಿಯಲ್ಲಿ ಬರೆಯುವ ಆಸೆ ಸಹಜವಾಗಿ ಹುಟ್ಟುತ್ತದೆ. ಆದರೆ ಆ ಎಣಿಕೆಯ ವಾರ ಮುಗಿದದ್ದು 9ನೆಯ ತಾರೀಕಿನ ಭಾನುವಾರ. ಆ ಎರಡು ಲಕ್ಷ ಚಿಲ್ಲರೆ ಮಂದಿ ಅಂಗಡಿಗೆ ಹೋದಾಗ ದಾಳಿ ಇನ್ನೂ ನಡೆದಿರಲಿಲ್ಲ. ಅವರನ್ನು ಕರೆತಂದದ್ದು ತಂಡದ ಮೊದಲ ಆಲ್ಬಮ್, ವರ್ಷಗಟ್ಟಲೆ ಮಾಡಿದ ಪ್ರವಾಸ, ಆಗಸ್ಟ್‌ನಿಂದ ಕೇಳಿಬರುತ್ತಿದ್ದ ಚಾಪ್ ಸೂಯಿ.

ದಾಳಿ ಬದಲಿಸಿದ್ದು ಅದರ ನಂತರದ ಸ್ವಾಗತವನ್ನು. ಸಾವಿರಕ್ಕೂ ಹೆಚ್ಚು ರೇಡಿಯೋ ಕೇಂದ್ರಗಳನ್ನು ಹೊಂದಿದ್ದ ಕ್ಲಿಯರ್ ಚಾನೆಲ್ ಸಂಸ್ಥೆಯೊಳಗೆ, ಆ ಸಂದರ್ಭಕ್ಕೆ ಸೂಕ್ತವಲ್ಲದಿರಬಹುದಾದ 150ಕ್ಕೂ ಹೆಚ್ಚು ಹಾಡುಗಳ ಪಟ್ಟಿಯೊಂದು ಹರಿದಾಡಿತು; ಅದರಲ್ಲಿ ಚಾಪ್ ಸೂಯಿಯೂ ಇತ್ತು, ರೇಜ್ ಅಗೆನ್ಸ್ಟ್ ದ ಮಷೀನ್ ತಂಡದ ಎಲ್ಲ ಹಾಡುಗಳೂ ಇದ್ದವು. ಇದನ್ನು ಅನೇಕರು 'ನಿಷೇಧ' ಎಂದು ಬರೆಯುತ್ತಾರೆ. ಅದು ನಿಷೇಧವಲ್ಲ, ಸೂಚನೆ. ನುಡಿಸುವುದು ಬಿಡುವುದು ಆಯಾ ಕೇಂದ್ರಗಳಿಗೆ ಬಿಟ್ಟ ಸಂಗತಿಯಾಗಿತ್ತು. ಒಂದು ಪದ ತಪ್ಪಿದರೆ ಇಡೀ ಪ್ರಸಂಗದ ಬಣ್ಣವೇ ಬದಲಾಗುತ್ತದೆ, ಆದ್ದರಿಂದ ಇಂಥ ಕಡೆ ಅವಸರ ಮಾಡಬಾರದು.

ಪ್ರಶಸ್ತಿಗಳಿಗೆ ಹೆಚ್ಚು ಜಾಗ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಚಾಪ್ ಸೂಯಿ 2002ರ ಗ್ರ್ಯಾಮಿಯಲ್ಲಿ ಅತ್ಯುತ್ತಮ ಮೆಟಲ್ ಪ್ರದರ್ಶನಕ್ಕೆ ನಾಮನಿರ್ದೇಶನಗೊಂಡಿತು, ಪ್ರಶಸ್ತಿ ಟೂಲ್‌ನ 'ಸ್ಕಿಸಂ' ಹಾಡಿಗೆ ಹೋಯಿತು. ಹಿಂದಿನ ವರ್ಷ ಅದು ವೈಟ್ ಪೋನಿಯ 'ಎಲೀಟ್' ಹಾಡಿಗೆ ಸಂದಿತ್ತು. ಇಷ್ಟು ಹೇಳಿದರೆ ಸಾಕು.

ವಿಮರ್ಶೆಗಳನ್ನು ಮಾತ್ರ ಇಡಿಯಾಗಿ ಓದಬೇಕು. ನಕ್ಷತ್ರಗಳನ್ನು ಎಣಿಸಿ ಸರಾಸರಿ ತೆಗೆಯುವುದರಿಂದ ಏನೂ ತಿಳಿಯದು. ಬಿಡುಗಡೆಯ ತಿಂಗಳಿನ ವಿಮರ್ಶಕ ಆಲ್ಬಮ್ಮನ್ನು ಯಾವುದರ ಜೊತೆ ಹೋಲಿಸುತ್ತಾನೆ ಎಂಬುದನ್ನು ಹುಡುಕಿ. 2000-01ರಲ್ಲಿ ಭಾರವಾದ ಗಿಟಾರ್ ಇದ್ದ ಪ್ರತಿಯೊಂದು ತಂಡವನ್ನೂ ನ್ಯೂ ಮೆಟಲ್ (ರ‍್ಯಾಪ್ ಮೊದಲಾದವು ಬೆರೆತ ಮೆಟಲ್) ಎಂಬ ಒಂದೇ ಚೀಲಕ್ಕೆ ಹಾಕುವ ರೂಢಿಯಿತ್ತು. ವೈಟ್ ಪೋನಿಯನ್ನು ಆ ಚೀಲದಲ್ಲಿಟ್ಟು ಕೇಳಿದವರಿಗೆ ಅದರ ಮಂದ್ರ, ಮಸುಕು ಗುಣ ಕೊರತೆಯಾಗಿ ಕಾಣಬಹುದಾಗಿತ್ತು. ಫೇತ್ ನೋ ಮೋರ್ ತಂಡದ 1992ರ 'ಏಂಜಲ್ ಡಸ್ಟ್' ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೂ ಅಮೆರಿಕದಲ್ಲಿ ಹತ್ತನೆಯ ಸ್ಥಾನಕ್ಕೂ ಏರಿತು. ಒಂದೇ ಆಲ್ಬಮ್‌ಗೆ ಎರಡು ದೇಶಗಳಲ್ಲಿ ಎರಡು ಬದುಕು. ಹೀಗಾಗಿ 'ಆಲ್ಬಮ್‌ಗೆ ಒಳ್ಳೆಯ ಸ್ವಾಗತ ದೊರೆಯಿತು' ಎಂಬ ವಾಕ್ಯವನ್ನು ಬರೆಯಲೇಬೇಡಿ. ಯಾರಿಂದ, ಎಲ್ಲಿ, ಯಾವಾಗ ಎಂದು ಬರೆಯಿರಿ.

ಬರೆಯಲು ಕುಳಿತಾಗ

ಟಿಪ್ಪಣಿಗಳನ್ನೆಲ್ಲ ಒಂದೇ ಕಾಲರೇಖೆಯ ಮೇಲೆ ಜೋಡಿಸಿ, ಬಿಡುಗಡೆಯ ದಿನದ ಬಳಿ ದಪ್ಪ ಗೆರೆ ಎಳೆಯಿರಿ. ಗೆರೆಯ ಮೇಲಿನ ಯಾವ ವಾಕ್ಯವೂ ಗೆರೆಯ ಕೆಳಗಿನ ಜ್ಞಾನವನ್ನು ಬಳಸಬಾರದು. ಬಳಸಲೇಬೇಕಾದರೆ 'ಮುಂದೆ' ಅಥವಾ 'ಆಮೇಲೆ' ಎಂಬ ಪದವಾದರೂ ಅಲ್ಲಿರಲಿ. ಹಾಡಿನ ಸಾಹಿತ್ಯವನ್ನು ಉದ್ದಕ್ಕೆ ಉದ್ಧರಿಸಬೇಡಿ. ಹಕ್ಕುಸ್ವಾಮ್ಯದ ಮಾತು ಒಂದೆಡೆಯಾದರೆ, ಹಾಡಿನಿಂದ ಕಿತ್ತ ಸಾಲು ಕಾಗದದ ಮೇಲೆ ಬಡವಾಗಿ ಕಾಣುವುದು ಇನ್ನೊಂದೆಡೆ. ಸಾಲನ್ನು ಹಾಡಿದ ಬಗೆಯನ್ನು, ಪಿಸುಮಾತೋ ಕಿರುಚಾಟವೋ ಎರಡರ ನಡುವಿನ ಜಿಗಿತವೋ ಎಂಬುದನ್ನು ವಿವರಿಸಿ.

ಕರಡು ಮುಗಿದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಆಲ್ಬಮ್ಮನ್ನು ಮತ್ತೊಮ್ಮೆ ಪೂರ್ತಿಯಾಗಿ ಕೇಳಿ, ಕಿವಿ ಒಪ್ಪದ ಪ್ರತಿಯೊಂದು ವಾಕ್ಯವನ್ನೂ ಅಲ್ಲಿಯೇ ತಿದ್ದಿ. ಟಾಕ್ಸಿಸಿಟಿಯಾದರೆ ಕೊನೆಯ ಹಾಡಾದ 'ಏರಿಯಲ್ಸ್' ಸುಮಾರು ನಾಲ್ಕು ನಿಮಿಷಕ್ಕೆ ಮುಗಿದಂತೆ ಕೇಳಿಸಿದಾಗ ನಿಲ್ಲಿಸಬೇಡಿ. ಅದೇ ಟ್ರ್ಯಾಕ್‌ನಲ್ಲಿ, ಪಟ್ಟಿಯಲ್ಲಿ ಹೆಸರಿಲ್ಲದೆ, ಅರ್ಮೇನಿಯನ್ ಮೂಲದ ತಾಳವಾದ್ಯಗಾರ ಆರ್ಟೊ ತುಂಚ್‌ಬೊಯಾಜಿಯಾನ್ ಅವರೊಂದಿಗೆ ನುಡಿಸಿದ ಎರಡು ನಿಮಿಷದ ಸಂಗೀತವಿದೆ; ಅರ್ಮೇನಿಯನ್ ಚರ್ಚಿನ ಪ್ರಾರ್ಥನೆಯೊಂದರ ರಾಗ, ತಾಳವಾದ್ಯಗಳ ಮೇಲೆ, ಗಿಟಾರ್‌ನ ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಇಲ್ಲದೆ.